ಊಲ್ಕಾನಳ ಓರೆ ಬಾಯಿ

ಅತ್‌ಬಾಶಿ ಎಂಬ ಕಣಿವೆಯೂರಿನ ಭಾನುವಾರದ ಸಂತೆಯಲ್ಲಿ ಉಣ್ಣೆ ಟೋಪಿಯವರು ಸಾಲಾಗಿ ಕೂರುತ್ತಾರೆ. ಮಾಲಿನಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಎಲ್ಲರದೂ ಬಿಳಿ ಉಣ್ಣೆ, ಎಲ್ಲರದೂ ಕಪ್ಪು ಅಂಚು, ತಮ್ಮದೊಂದೇ ಕೈಹೊಲಿಗೆ ಎಂದು ಆಣೆ ಇಡುವವರೇ ಎಲ್ಲರೂ. ಹಾಗಿದ್ದೂ ಗಿರಾಕಿ ಅರ್ಧ ಸಾಲನ್ನು ದಾಟಿ ಬಂದು ಒಬ್ಬಳ ಮುಂದೆ ನಿಲ್ಲುತ್ತಾನೆಂದರೆ ಅವನನ್ನು ನಿಲ್ಲಿಸಿದ್ದು ಟೋಪಿಯಲ್ಲ, ಬಾಯಿ. ಊಲ್ಕಾನಳಿಗೆ ಅಂಥ ಬಾಯಿ ಇತ್ತು.

“ಬಾರೋ ತಮ್ಮಾ, ಗಾಳಿಗೆ ಕಿವಿ ಕೆಂಪಗಾಗಿದೆ. ಈ ಟೋಪಿ ಇಟ್ಕೊಂಡು ಮಾವನ ಮನೆಗೆ ಹೋಗು, ದೊಡ್ಡ ಅತಿಥಿಗಿಡೋ ಕುರಿ ತಲೆ ನಿನ್ನ ಮುಂದೇನೇ ಇಡ್ತಾರೆ.”

“ನಂಗಿನ್ನೂ ಮದುವೇನೇ ಆಗಿಲ್ಲ ಅಕ್ಕಾ.”

“ಅದಕ್ಕೇ ಹೇಳ್ತಿರೋದು. ಬರೀ ತಲೇಲಿ ತಿರುಗೋನಿಗೆ ಯಾರು ಕೊಡ್ತಾರೆ ಹೆಣ್ಣು?”

ಅವನು ಕೊಳ್ಳುತ್ತಿದ್ದ. ಅಕ್ಕಪಕ್ಕದವರು ತಮ್ಮ ಟೋಪಿಗಳ ಧೂಳು ಕೊಡವುತ್ತ ಬೇರೆ ಕಡೆ ನೋಡುತ್ತಿದ್ದರು.

ಅದೇ ಬಾಯಿಗೆ ಸಾವಿನ ಮನೆಯಲ್ಲಿ ಬೇರೆಯೇ ತೂಕ. ಅಲ್ಲಿ ಮನೆ ಎಷ್ಟೇ ದೊಡ್ಡದಿರಲಿ, ಅಂಗಳದಲ್ಲಿ ಉಣ್ಣೆಯ ಗುಡಾರ ಎಬ್ಬಿಸಿ ಸತ್ತವನನ್ನು ಅದರೊಳಗೇ ಮಲಗಿಸಬೇಕು. ಹೊರಗೆ ಗಂಡಸರು ಕೋಲಿಗೆ ಒರಗಿ ನಿಂತು ಗೋಳಿಡುತ್ತಾರೆ. ಅವರಿಗೆ ಪದ ಬೇಕಿಲ್ಲ, ಗಂಟಲಿದ್ದರೆ ಸಾಕು. ಒಳಗೆ ಹೆಂಗಸರು ಬಾಗಿಲಿಗೆ ಬೆನ್ನು ಮಾಡಿ, ಗುಡಾರದ ಮರದ ಜಾಲರಿಗೆ ಮುಖ ಹಾಕಿ ಕೂತು ಅಳುಹಾಡು ಹೇಳುತ್ತಾರೆ. ನೆಂಟರ ಗುಂಪು ಬಂದಾಗಲೆಲ್ಲ ಹೊಸದಾಗಿ ಶುರು. ಸತ್ತವನು ಹೇಗೆ ಬಾಳಿದ, ಯಾರಿಗೆ ಏನಾಗಿದ್ದ ಎಂಬುದನ್ನು ಸಾಲು ಸಾಲಾಗಿ ಅಲ್ಲೇ ಕಟ್ಟಿ ಹಾಡಬೇಕು. ಹಾಡು ಸಪ್ಪೆಯಾದರೆ ಸತ್ತವನೇ ಸಪ್ಪೆಯಾಗಿದ್ದ ಎಂದು ಊರು ತೀರ್ಮಾನಿಸುತ್ತದೆ. ಆ ಕಣಿವೆಯಲ್ಲಿ ಎಷ್ಟೋ ಮಂದಿ ಸಾಧಾರಣ ಗಂಡಸರು ಊಲ್ಕಾನಳ ಬಾಯಿಂದಾಗಿ ದೊಡ್ಡವರಾಗಿ ಮಣ್ಣಿಗೆ ಹೋಗಿದ್ದಾರೆ.

ಅವಳ ಹತ್ತಿರ ಕಲಿಯಲು ಹುಡುಗಿಯರು ಬರುತ್ತಿದ್ದರು. ಟೋಪಿ ಹೊಲಿಯುತ್ತಲೇ ಅವಳ ಪಾಠ.

“ಪದದ ಹಿಂದೆ ಓಡ್ಬೇಡ್ರೇ. ಮೊದಲ್ನೇ ಸ್ವರ ಗಟ್ಟಿಯಾಗಿ ಹಿಡ್ಕೊಳ್ಳಿ. ಮುಂದಿನ ಹೋತ ಯಾವ ಕಡೆ ತಿರುಗ್ತೋ ಕುರಿಗಳೆಲ್ಲ ಅದೇ ಕಡೆ. ಸರೋವರಕ್ಕೆ ‘ಕೊಲ್’ ಅಂತ ತುಟಿ ಗುಂಡಗೆ ಮಾಡಿದ್ರಾ? ಸರೋವರಗಳಲ್ಲಿ ಅನ್ನೋಕೆ ‘ಕೊಲ್ದೊರ್ದೊ’. ಕೊನೇವರೆಗೂ ತುಟಿ ಗುಂಡಗೇ ಇರ್ಬೇಕು. ನಡುವೆ ಸಡಿಲ ಬಿಟ್ರೆ ಸತ್ತೋನೂ ಎದ್ದು ಕೂತು ‘ಎಲ್ಲಿಯವಳೇ ಇವಳು’ ಅಂತಾನೆ.”

ಅಲ್ಲಿನ ನುಡಿಯೇ ಹಾಗೆ. ಎಂಟು ಸ್ವರ, ಅದರಲ್ಲಿ ತುಟಿ ಹರಡಿ ಹೇಳುವಂಥವು ನಾಲ್ಕು, ತುಟಿ ಗುಂಡಗೆ ಮಾಡಿ ಹೇಳುವಂಥವು ನಾಲ್ಕು. ಗುಂಡನೆಯವುಗಳಲ್ಲಿ ಎರಡಂತೂ ಹೊರಗಿನಿಂದ ಬಂದವರ ಬಾಯಿಗೆ ಬೇಗ ಕೂರುವುದಿಲ್ಲ. ‘ಎ’ ಎನ್ನಲು ಹೊರಟ ನಾಲಗೆಯ ಮುಂದೆ ‘ಓ’ ಎನ್ನುವ ತುಟಿ ತಂದಿಟ್ಟ ಹಾಗೆ ಒಂದು, ‘ಇ’ ಎನ್ನುವ ನಾಲಗೆಗೆ ‘ಊ’ ಎನ್ನುವ ತುಟಿ ಇನ್ನೊಂದು. ಮಾತಿನ ಮೊದಲ ಸ್ವರ ಯಾವ ಕುಲದ್ದೋ ಅದರ ಬಾಲಕ್ಕೆ ಅಂಟುವವೂ ಸಾಮಾನ್ಯವಾಗಿ ಅದೇ ಕುಲದವು. ಅಳುಹಾಡಿನಲ್ಲಿ ಒಂದೊಂದು ಸ್ವರವನ್ನೂ ಉಸಿರು ಮುಗಿಯುವತನಕ ಎಳೆಯುವುದರಿಂದ ಕಳ್ಳತನಕ್ಕೆ ಜಾಗವಿಲ್ಲ. ಸಂತೆಯ ಕೂಗಿನಲ್ಲಿ ಅರ್ಧ ನುಂಗಿದರೂ ನಡೆದೀತು. ಗುಡಾರದಲ್ಲಿ ನಡೆಯದು.

ಹುಲ್ಲು ಕೊಯ್ಲು ಮುಗಿದ ತಿಂಗಳಲ್ಲಿ ಊಲ್ಕಾನಳ ಬಾಯಿ ಓರೆಯಾಯಿತು.

ಅವಳ ಗಂಡ ಓಸ್ಕೊನ್‌ಬಾಯ್ ಲಾರಿಯವನು. ಕುರಿ, ಹುಲ್ಲು, ಕಲ್ಲಿದ್ದಲು, ಮದುವೆಯ ದಿಬ್ಬಣ, ಏನು ಸಿಕ್ಕರೂ ಹೇರಿಕೊಂಡು ಘಟ್ಟ ದಾಟಿಸುವವನು. ಆ ದಿನ ಲಾರಿಯ ಕಿಟಕಿಯ ಗಾಜು ಒಡೆದಿತ್ತು. ಅವಳು ಆ ಕಡೆ ಕೂತು ಶೀತಗಾಳಿಗೆ ಕೆನ್ನೆಯೊಡ್ಡಿ ನಾರಿನ್ ಪಟ್ಟಣದವರೆಗೆ ಹೋಗಿ ಬಂದಳು. ಬೆಳಿಗ್ಗೆ ಎದ್ದು ಚಹಾ ಕುಡಿದರೆ ಚಹಾ ಎದೆಯ ಮೇಲೆ ಸುರಿಯಿತು. ಮುಖದ ಬಲಭಾಗ ನೆನೆದ ಕಂಬಳಿಯಂತೆ ಜೋತುಬಿದ್ದಿತ್ತು. ಡಾಕ್ಟರು ಚುಚ್ಚಿದರು, ನೆರೆಯವರು ಬಿಸಿ ಉಪ್ಪಿನ ಚೀಲ ಇಟ್ಟರು. ಕಣ್ಣು ಸ್ವಲ್ಪ ಸರಿಹೋಯಿತು. ತುಟಿ ಜಪ್ಪಯ್ಯ ಅನ್ನಲಿಲ್ಲ.

ಕೆನ್ನೆಗೆ ಅಂಗೈ ಒತ್ತಿ ಹಿಡಿದರೆ ಪ, ಬ, ಮ ಹೇಗೋ ಹೊರಡುತ್ತಿದ್ದವು. ತುಟಿ ಹರಡುವ ಸ್ವರಗಳಿಗೆ ತೊಂದರೆಯೇ ಇರಲಿಲ್ಲ. ಆದರೆ ಗುಂಡನೆಯವಕ್ಕೆ ತುಟಿ ಎರಡೂ ಕಡೆಯಿಂದ ಮುಂದೆ ಬರಬೇಕಲ್ಲ? ಒಂದು ಕಡೆ ಬರುತ್ತಿತ್ತು, ಇನ್ನೊಂದು ಕಡೆಯಿಂದ ಗಾಳಿ ಸಿಳ್ಳೆ ಹಾಕಿಕೊಂಡು ಓಡಿಹೋಗುತ್ತಿತ್ತು. ತನ್ನ ಹೆಸರನ್ನೇ ಅವಳು ಹೇಳಲಾರಳು.

ಓಸ್ಕೊನ್‌ಬಾಯ್ ಅದನ್ನೂ ನಗೆಯಲ್ಲೇ ತೇಲಿಸಿದ. “ಇಷ್ಟು ವರ್ಷ ಒಂದೇ ಬಾಯಲ್ಲಿ ಇಬ್ಬರಷ್ಟು ಮಾತಾಡಿದ್ದೀಯ. ಅರ್ಧ ರಜಾ ಕೇಳ್ತಿದೆ ಪಾಪ, ಕೊಡು.” ಭಾನುವಾರ ಲಾರಿ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕೂತು ಟೋಪಿ ಕೂಗತೊಡಗಿದ. ಅವನ ಕೂಗಿಗೆ ಬಂದ ಗಿರಾಕಿಯೂ ಹೆದರಿ ಹೋಗುವಂತಿತ್ತು. ಅವಳು ಕೈಸನ್ನೆಯಲ್ಲೇ ಬೈಯುತ್ತಿದ್ದಳು.

ಚಳಿಗಾಲದಲ್ಲಿ ಪಕ್ಕದ ಬೀದಿಯ ಮುದುಕಿಯೊಬ್ಬಳು ತೀರಿಕೊಂಡಳು. ರೂಢಿಯ ಬಲದಿಂದ ಊಲ್ಕಾನ್ ಗುಡಾರಕ್ಕೆ ಹೋಗಿ ಕೂತು ಬಾಯಿ ತೆರೆದಳು. ಎರಡನೆಯ ಸಾಲಿನಲ್ಲಿ ‘ಗುಂಡಿಗೆ’ ಎನ್ನುವ ಮಾತು ಬಂತು. ಅವಳ ಬಾಯಿಂದ ಅದು ಹಸುಗೂಸಿನ ತೊದಲಾಗಿ, ಬಾಲಕ್ಕೊಂದು ಸಿಳ್ಳೆ ಕಟ್ಟಿಕೊಂಡು ಹೊರಬಿತ್ತು. ಮೂಲೆಯಲ್ಲಿದ್ದ ಸೊಸೆಯೊಬ್ಬಳು ಕಿಸಕ್ಕೆಂದಳು. ನಗು ಅಂಟುಜಾಡ್ಯ, ಸತ್ತವಳ ಮಗಳೂ ತಲೆಬಟ್ಟೆಯೊಳಗೆ ಕುಲುಕಿದಳು. ಊಲ್ಕಾನ್ ಎದ್ದು ಮನೆಗೆ ಬಂದಳು. ಆಮೇಲೆ ಯಾವ ಗುಡಾರಕ್ಕೂ ಕಾಲಿಡಲಿಲ್ಲ.

ಹಿಮ ಕರಗುವ ಕಾಲದಲ್ಲಿ ಓಸ್ಕೊನ್‌ಬಾಯ್ ಲಾರಿಯ ಕೆಳಗೆ ಮಲಗಿ ಏನೋ ಬಿಗಿಮಾಡುತ್ತಿದ್ದವನು ಏಳಲೇ ಇಲ್ಲ. ಎದೆ ನಿಂತಿತ್ತು. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

ಗುಡಾರ ಎದ್ದಿತು. ಹೆಣವನ್ನು ಪರದೆಯ ಹಿಂದೆ ಮಲಗಿಸಿದರು. ಬಂದವರ ಊಟಕ್ಕೆ ಕುದುರೆ ಕಡಿದರು, ಅಡುಗೆಯ ಹೊಗೆ ಎದ್ದಿತು. ಓರಗಿತ್ತಿ ಕಲೀಮಾನ್, ಅಂದರೆ ಓಸ್ಕೊನ್‌ಬಾಯನ ಅಣ್ಣನ ಹೆಂಡತಿ, ಎಲ್ಲವನ್ನೂ ಕೈಗೆ ತೆಗೆದುಕೊಂಡಳು. ಯಾರ ಮನೆಯ ಕೆಲಸವನ್ನಾದರೂ ತನ್ನದನ್ನಾಗಿ ಮಾಡಿಕೊಳ್ಳುವ ಹೆಂಗಸು ಅವಳು. ಬೈಸಿಕೊಂಡವರೂ ಆಮೇಲೆ ಅವಳನ್ನೇ ಕರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾರಿನ್‌ನಿಂದ ಬಂದ ಕಾರಿನಿಂದ ತುಂಬು ಮೈಯ ಹೆಂಗಸೊಬ್ಬಳು ಇಳಿದಳು.

“ಇವಳು ಅನಾರ್‌ಕುಲ್,” ಎಂದಳು ಕಲೀಮಾನ್. “ದೊಡ್ಡ ದೊಡ್ಡೋರ ಸಾವಿಗೆ ಹಾಡಿದ್ದಾಳೆ. ನೀನು ಅವಳ ಪಕ್ಕ ಕೂತ್ಕೋ. ತಲೆ ತಗ್ಗಿಸ್ಕೊಂಡಿರು, ಸಾಕು.”

ಊಲ್ಕಾನ್ ಅಂಗೈಯನ್ನು ಕೆನ್ನೆಗೆ ಒತ್ತಿದಳು. “ನನ್ ಗಂಡ.”

“ನಿನ್ ಗಂಡನೇ ಕಣೇ, ಯಾರು ಇಲ್ಲ ಅಂದ್ರು? ಆದ್ರೆ ಹೊರಗಡೆ ಇಡೀ ಕಣಿವೇನೇ ನಿಂತಿದೆ. ಮುದುಕಿ ಸತ್ತಾಗ ಏನಾಯ್ತು ನೆನಪಿದೆಯಾ? ಅವತ್ತು ಮೂರನೇ ಮನೆ ಸಾವು, ನಕ್ಕು ಮರೆತ್ರು. ಇವತ್ತು ನಕ್ರೆ ನಗೋದು ನಮ್ಮ ಹುಡುಗನ ಹೆಣದ ಮೇಲೆ. ನಿನ್ ಬಾಯಿಂದ ಒಂದು ಸಿಳ್ಳೆ ಹೊರಟ್ರೆ ಸಾಕು, ಅವನ್ನ ಸಿಳ್ಳೆ ಹೊಡೆದು ಕಳಿಸಿದ್ರು ಅಂತ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೇಳ್ತಾರೆ.”

ಕಲೀಮಾನ್ ಹೇಳಿದ್ದು ನಿಜವೇ ಆಗಿತ್ತು. ಅದೇ ಅವಳಲ್ಲಿದ್ದ ದೊಡ್ಡ ಕೇಡು. ಊಲ್ಕಾನ್ ಜಾಲರಿಗೆ ಮುಖ ಮಾಡಿ ಕೂತಳು. ಕಂಡವರ ಗಂಡಂದಿರನ್ನೆಲ್ಲ ಹಾಡಿ ಕಳಿಸಿದ ತಾನು, ತನ್ನವನನ್ನು ಕೂಲಿಯ ಬಾಯಲ್ಲಿ ಕಳಿಸಬೇಕು. ಅವನು ಪರದೆಯಾಚೆಯಿಂದ ಕೇಳಿಸಿಕೊಂಡರೆ, ‘ಇವಳ್ಯಾರೇ, ನನ್ನವಳೆಲ್ಲಿ’ ಅನ್ನುವುದಿಲ್ಲವೇ?

ಹೊರಗೆ ಕಾರುಗಳು ಬಂದು ನಿಂತವು. ಗಂಡಸರು ಇಳಿದವರೇ ಗೋಳಿಡುತ್ತ ಗುಡಾರದ ಕಡೆ ಓಡಿಬಂದರು. ಅನಾರ್‌ಕುಲ್ ಚಹಾದ ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಸೊಂಟಕ್ಕೆ ಕೈಕೊಟ್ಟು ಅಳುಹಾಡು ಎತ್ತಿದಳು. ಗಂಟಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಸ್ವರಗಳೂ ಒಂದರ ಹಿಂದೊಂದು ಉರುಳಿಸಿದ ಗೋಲಿಯಂತೆ ಬಂದವು. ಅವಳು ಹಾಡಿದ್ದು ಇಷ್ಟು: ಕಪ್ಪು ಕುದುರೆಯ ಬೆನ್ನೇರಿ ಬಿರುಗಾಳಿಯಂತೆ ಬರುತ್ತಿದ್ದ ವೀರನೇ, ಹಬ್ಬದ ಕಣದಲ್ಲಿ ಜಟ್ಟಿಗಳ ಬೆನ್ನು ಮಣ್ಣಿಗೆ ಹತ್ತಿಸಿದವನೇ, ನಿನ್ನ ಕುದುರೆ ಲಾಯದಲ್ಲಿ ಅಳುತ್ತಿದೆಯಲ್ಲೋ!

ಹೊರಗಿನ ಗೋಳು ಅರೆಗಳಿಗೆ ತಡವರಿಸಿತು.

ಓಸ್ಕೊನ್‌ಬಾಯ್‌ಗೆ ಎಳವೆಯಲ್ಲಿ ಕುದುರೆ ಒದ್ದು ಪಕ್ಕೆಲುಬು ಮುರಿದಿತ್ತು. ಅಂದಿನಿಂದ ಅವನು ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಕುದುರೆ ಏರದ ಗಂಡಸು ಆ ನಾಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅತ್‌ಬಾಶಿಯವರಿಗೆ ಒಬ್ಬ ಸಿಕ್ಕಿದ್ದ, ಮತ್ತು ಅವರು ಅದನ್ನು ಗೇಲಿಗೆ ಚೆನ್ನಾಗಿ ಬಳಸಿಕೊಂಡಿದ್ದರು.

ಉಣ್ಣೆಯ ಗೋಡೆಯಾಚೆ ಸಗಿನ್‌ನ ದನಿ ಕೇಳಿಸಿತು. ಅವನೂ ಲಾರಿಯವನೇ, ಸತ್ತವನ ಗೆಳೆಯ. “ಯಾವ ಕುದುರೆ? ಇವನು ಕುದುರೆ ಕಂಡ್ರೆ ಟಯರ್ ಹಿಂದೆ ಅವಿತ್ಕೋತಿದ್ನಲ್ಲೋ.”

“ಲಾಯದಲ್ಲಿ ಅಳ್ತಿರೋದು ಲಾರಿ ಇರ್ಬೇಕು ಬಿಡು,” ಎಂದ ಇನ್ನೊಬ್ಬ.

ಯಾರೋ ಕೆಮ್ಮಿದರು. ಆ ಕೆಮ್ಮಿಗೆ ಇನ್ನೊಂದು ಕೆಮ್ಮು ಜೊತೆಯಾಯಿತು. ಅಷ್ಟು ಗಂಡಸರಿಗೆ ಒಮ್ಮೆಗೇ ನೆಗಡಿಯಾಗುವುದಿಲ್ಲ ಎಂಬುದು ಊಲ್ಕಾನಳಿಗೆ ಗೊತ್ತಿತ್ತು.

ಅವಳು ತಲೆ ಎತ್ತಿದಳು. ಕಲೀಮಾನಳ ಮುಖ ಕೆಂಪಾಗಿತ್ತು. ಪರವೂರಿನವಳಿಗೆ ಈ ವಿಷಯ ಹೇಳಲು ಅವಳು ಮರೆತಿದ್ದಳು.

“ಅಕ್ಕಾ,” ಎಂದಳು ಊಲ್ಕಾನ್ ಮೆಲ್ಲಗೆ. “ನಗ್ತಾ ಇದ್ದಾರೆ.”

“ಕೆಮ್ಮು ಕಣೇ.”

“ನಗ್ತಾ ಇದ್ದಾರೆ. ಗಟ್ಟಿ ಬಾಯಿಗೂ ನಗೋರು ನಗ್ತಾರೆ ಅಂದ್ಮೇಲೆ ನನ್ನ ಸೊಟ್ಟ ಬಾಯಿ ಏನು ಪಾಪ ಮಾಡಿದೆ? ನನ್ ಬಾಯಿಗೇ ನಗ್ಲಿ.”

“ಹುಚ್ಚಿ, ಸುಮ್ನಿರು. ನಾಳೆ ಹೆಣ ಎತ್ತೋವರೆಗೆ ಸುಮ್ನಿರು.”

ಊಲ್ಕಾನ್ ಸುಮ್ಮನಾದಳು. ಕಲೀಮಾನ್ ಅದನ್ನು ಒಪ್ಪಿಗೆ ಎಂದುಕೊಂಡಳು. ವ್ಯಾಪಾರದಲ್ಲಿ ಸುಮ್ಮನಾದವರನ್ನು ಹಾಗೆ ಅರ್ಥಮಾಡಿಕೊಂಡು ಕೆಟ್ಟವರು ಬಹಳ ಮಂದಿ.

ಉಳಿದ ಹಗಲೆಲ್ಲ ಅನಾರ್‌ಕುಲ್ ಹಾಡಿದಳು, ಊಲ್ಕಾನ್ ಬಾಯೊಳಗೇ ಮಾಲು ವಿಂಗಡಿಸಿದಳು. ಒಂದೊಂದು ಪದವನ್ನೂ ನಾಲಗೆಯ ಮೇಲೆ ಇಟ್ಟು ನೋಡುವುದು, ಸೋರಿದರೆ ಆಚೆಗೆ. ಸಾವು ಎನ್ನುವ ಮಾತಿಗೆ ಅಲ್ಲಿ ತುಟಿ ಗುಂಡಗಾಗಬೇಕು; ಆಚೆಗೆ. ಕಣ್ಣು, ಗುಂಡಿಗೆ, ಮನೆ, ಬೆಟ್ಟ, ನೀರು, ಎಲ್ಲ ಗುಂಡು ಕುಲದವೇ, ಆಚೆಗೆ. ದಾರಿ? ಲಾರಿಯವನ ಹಾಡಿನಲ್ಲಿ ದಾರಿ ಬೇಡವೇ? ಅದೂ ಸೋರಿತು. ಅಳುಹಾಡಿನವರ ಕಸುಬಿನ ಸಾಮಾನೆಲ್ಲ ಹೀಗೆ ಬಾಗಿಲಾಚೆ ಬಿತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ‘ಇಲ್ಲ’ ಎಂಬ ಮಾತು. ಅಲ್ಲಿನವರ ‘ಇಲ್ಲ’ಕ್ಕೂ ತುಟಿ ಗುಂಡಗೇ ಬೇಕು. ನೀನಿಲ್ಲ, ನಿನ್ನಂಥವನಿಲ್ಲ, ಇನ್ನು ನನಗೆ ಯಾರೂ ಇಲ್ಲ: ಇಷ್ಟನ್ನು ಬಿಟ್ಟು ವಿಧವೆ ಏನು ಹಾಡುತ್ತಾಳೆ?

ಗಂಡನ ಹೆಸರಿನದೊಂದು ತೊಂದರೆ ಇರಲಿಲ್ಲ. ಅಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ. ಮದುವೆಯಾದಂದಿನಿಂದ ಅವಳು ಆ ಕಟ್ಟಳೆಯನ್ನು ಶಪಿಸುತ್ತ ಬಂದಿದ್ದಳು, ಅವನು ಸಂತೆಯಲ್ಲಿ ಕಳೆದುಹೋದರೆ “ಏಯ್, ಲಾರೀ!” ಎಂದು ಕೂಗಿ ಹುಡುಕಬೇಕಾಗಿತ್ತು. ಓಸ್ಕೊನ್ ಎನ್ನುವ ಹೆಸರು ಈ ಬಾಯಿಂದ ಹೊರಡುವುದು ಹೇಗೂ ಸಾಧ್ಯವಿರಲಿಲ್ಲ. ಕಟ್ಟಳೆ ಮೊದಲ ಸಲ ಅವಳ ಪಕ್ಷಕ್ಕೆ ಬಂದಿತ್ತು.

ಆಮೇಲೆ ಉಳಿದದ್ದನ್ನು ನೋಡಿದಳು. ಬಾಗಿಲು ಉಳಿದಿತ್ತು. ಚಹಾ, ಮಳೆ, ಮೇಕೆ, ಹಿಮ, ಅದರ ಬಿಳಿ, ಲಾರಿ, ಕಣ್ಣೀರು. ದಾರಿ ಹೋದರೂ ದಾರಿಯ ಮೇಲೆ ಚಕ್ರ ಬಿಟ್ಟುಹೋದ ಗೆರೆ ಉಳಿದಿತ್ತು. ‘ಅಲ್ಲ’ ಉಳಿದಿತ್ತು. ‘ಇದೆ’ ಉಳಿದಿತ್ತು. ಮತ್ತೆ, ಮೊದಲ ಸ್ವರವನ್ನು ಹರಡಿದ ತುಟಿಯಲ್ಲಿ ಇಟ್ಟುಬಿಟ್ಟರೆ ಬಾಲಕ್ಕೆ ಅಂಟುವವೆಲ್ಲ ತಾವಾಗಿಯೇ ಹರಡಿದ ತುಟಿಯಲ್ಲೇ ಬರುತ್ತವೆ. ಹುಡುಗಿಯರಿಗೆ ತಾನೇ ಹೇಳಿಕೊಟ್ಟ ಹೋತ ಅದು. ಹೋತವನ್ನು ಸರಿಯಾಗಿ ಆರಿಸಿದರೆ ಮಂದೆಯನ್ನು ಕಾಯುವ ಕೆಲಸವೇ ಇಲ್ಲ. ಅವಳಿಗೆ ಒಳಗೊಳಗೇ ನಗು ಬಂತು. ಗಂಡನ ಹೆಣದ ಪಕ್ಕ ಕೂತು ನಗುವುದು ಸರಿಯಲ್ಲ ಎಂದು ತಲೆ ತಗ್ಗಿಸಿದಳು. ಕಲೀಮಾನ್ ಸಮಾಧಾನದಿಂದ ಅವಳ ಬೆನ್ನು ಸವರಿದಳು.

ಮರುದಿನ ಹೊರಗೆ ಪ್ರಾರ್ಥನೆಗೆ ಗಂಡಸರು ಸಾಲುಗಟ್ಟಿದರು. ಅಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ; ಹೆಣ ಗುಡಾರದ ಹೊಸ್ತಿಲು ದಾಟುವ ಹೊತ್ತೇ ಅವರ ಪಾಲಿಗೆ ಕೊನೆಯದು. ಆಗಿನ ಹಾಡು ಎಲ್ಲಕ್ಕಿಂತ ಗಟ್ಟಿ. ಹೊತ್ತೊಯ್ಯುವವರು ಒಳಗೆ ಬಂದು ಬಗ್ಗಿದರು. ಅನಾರ್‌ಕುಲ್ ಎದೆ ತುಂಬ ಉಸಿರೆಳೆದಳು.

ಊಲ್ಕಾನ್ ಅವಳ ಮಂಡಿಯ ಮೇಲೆ ಕೈಯಿಟ್ಟಳು. “ನೀವು ಚಹಾ ಕುಡೀರಿ ತಾಯಿ.”

ಕಲೀಮಾನ್ ಅವಳ ತೋಳು ಹಿಡಿದಳು. “ಬೇಡ ಕಣೇ. ನಿನ್ ಕಾಲಿಗ್ ಬೀಳ್ತೀನಿ.”

“ಬಿಡಕ್ಕಾ. ಸಿಳ್ಳೆ ಹೊರಟ್ರೆ ನನ್ನ ಈ ಗುಡಾರದಲ್ಲೇ ಹೂತ್ಬಿಡು.”

ತೋಳನ್ನು ಕಿತ್ತುಕೊಂಡಳು. ಎಲ್ಲರ ಹಾಗೆ ಎರಡೂ ಕೈ ಸೊಂಟಕ್ಕೆ ಕೊಡಲಾಗಲಿಲ್ಲ. ಒಂದು ಅಂಗೈ ಕೆನ್ನೆಗೆ ಹೋಯಿತು. ಹಾಗೆ, ಹಲ್ಲುನೋವು ಬಂದವಳಂತೆ ಕೂತು, ಜಾಲರಿಯ ಕಡೆ ಮುಖ ಮಾಡಿ ಎತ್ತಿದಳು.

“ಧೀರನಲ್ಲ ನೀ, ಜಟ್ಟಿಯಲ್ಲ ನೀ,
ಹಯದ ಮೇಲೆ ಮೆರೆದಾತನಲ್ಲ ನೀ.
ಲಾರಿಯ ಕೆಳಗೆ ಅಡ್ಡ ಮಲಗಿ
ಎಣ್ಣೆಯ ಹನಿಗೆ ಮೈಯಿಟ್ಟಾತ ನೀ.
ಬಿಳಿ ಚಳಿಯಲ್ಲಿ ಬಡವಿಯ ಮೇಕೆ
ಮಡಿಲಲ್ಲಿಟ್ಟೇ ಕಣಿವೆ ಇಳಿದಾತ ನೀ.”

ಹೊತ್ತವರು ಅಲ್ಲೇ ನಿಂತರು. ಹೊರಗೆ ಗೋಳು ನಿಂತಿತು. ಮೇಕೆಯ ಕತೆ ಎಲ್ಲರಿಗೂ ಗೊತ್ತಿತ್ತು. ಘಟ್ಟದಲ್ಲಿ ಚಳಿಗೆ ಸೆಟೆದಿದ್ದ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಲಾರಿ ಇಳಿಸಿದವನನ್ನು ಊರೆಲ್ಲ ವರ್ಷಗಟ್ಟಲೆ ಮೇಕೆಯ ಮಾವ ಎಂದು ಕರೆದಿತ್ತು. ಸಿಳ್ಳೆಗೆ ಕಾದು ಕೂತಿದ್ದವರಿಗೆ ಸಿಳ್ಳೆ ಸಿಗಲಿಲ್ಲ. ಹೊರಡಲು ಅದಕ್ಕೆ ಸಂದಿಯೇ ಇರಲಿಲ್ಲ. ಸ್ವರ ಹರಡಿ, ಚಪ್ಪಟೆಯಾಗಿ, ಬಯಲಿನ ಗಾಳಿಯ ಹಾಗೆ ನೆಲಕ್ಕಂಟಿ ಬರುತ್ತಿತ್ತು. ಅಂಥ ಅಳುಹಾಡನ್ನು ಅವರು ಕೇಳಿದವರಲ್ಲ.

“ತೆರೆದ ಕದ ಇದೆ, ಬಿಸಿ ಚಹಾ ಇದೆ,
ಗಾಡಿಯ ಗೆರೆ ಅಂಗಳದಲ್ಲಿದೆ.
ಗೆರೆಯ ಮೇಲೆ ಮಳೆ ಬಿದ್ದಿದೆ,
ಬೀಳಲಿ ಮಳೆ, ಗೆರೆ ಇದೆ, ಗೆರೆ ಇದೆ.
ನಡೆ, ನಾ ಅಡ್ಡ ನಿಲ್ಲಲಾರೆ,
ಆದರೆ ಆ ಗೆರೆ ಅಳಿಸಲಾರೆ.”

ಸಗಿನ್ ಕೋಲನ್ನು ಕೆಳಗೆ ಹಾಕಿ ಗುಡಾರದ ಹಗ್ಗ ಹಿಡಿದುಕೊಂಡು ಅತ್ತ. ಈ ಸಲ ಯಾರೂ ಕೆಮ್ಮಲಿಲ್ಲ. ಹೆಣ ಹೊಸ್ತಿಲು ದಾಟಿ, ಅಂಗಳ ದಾಟಿ, ಅವನದೇ ಲಾರಿಯ ಮೇಲೇರಿ ತಿರುವಿನಲ್ಲಿ ಮರೆಯಾಗುವತನಕ ಊಲ್ಕಾನ್ ‘ಇದೆ’ ಎನ್ನುವುದನ್ನು ಬಿಡಲಿಲ್ಲ.

ಆಮೇಲೆ ಹೆಂಗಸರು ಕಣ್ಣೊರೆಸಿಕೊಂಡು ಬಟ್ಟಲುಗಳಿಗೆ ಕೈಹಾಕಿದರು. ಕಲೀಮಾನ್ ಒಂದು ಬಟ್ಟಲು ಚಹಾ ಬಗ್ಗಿಸಿ ಊಲ್ಕಾನಳ ಮುಂದಿಟ್ಟಳು. ಇಟ್ಟವಳೇ ಶುರುಮಾಡಿದಳು.

“ಊರ ಮುಂದೆ ಅವನು ಧೀರ ಅಲ್ಲ ಅಂದ್ಬಿಟ್ಯಲ್ಲೇ.”

“ಧೀರನಾಗಿದ್ನಾ?”

“ಆಗಿರ್ಲಿಲ್ಲ. ಆದ್ರೂ ಹೇಳೋದಾ?”

“ಸುಳ್ಳು ಹೇಳಿದ್ದಕ್ಕೆ ನಕ್ರು, ನಿಜ ಹೇಳಿದ್ದಕ್ಕೆ ಅತ್ರು. ಯಾವುದು ಬೇಕಿತ್ತಕ್ಕಾ ನಿಂಗೆ?”

ಕಲೀಮಾನ್ ಕರಿದ ಹಿಟ್ಟಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಜಗಿದಳು. “ಅವನಿಲ್ಲ ಅಂತ ಒಂದ್ಸಲವಾದ್ರೂ ಅನ್ಬೇಕಿತ್ತು. ವಿಧವೆ ಹಾಗಂದ್ರೇನೇ ಲಕ್ಷಣ. ನಲವತ್ತನೇ ದಿನದ ಕಾರ್ಯಕ್ಕಾದ್ರೂ ಅನಾರ್‌ಕುಲ್ ಕೈಲಿ ಅನ್ನಿಸೋಣ.”

“ಕರೀರಿ, ಬರ್ಲಿ. ಅಷ್ಟು ಜನಕ್ಕೆ ಚಹಾ ಬಗ್ಗಿಸೋಕೆ ನಂಗೂ ಒಬ್ರು ಬೇಕು.”

ಅನಾರ್‌ಕುಲ್ ಕೋಪಿಸಿಕೊಳ್ಳಲಿಲ್ಲ. ಕಸುಬಿನವಳು, ಎದುರಿಗಿರುವ ಮಾಲಿನ ಬೆಲೆ ಅವಳಿಗೆ ತಿಳಿಯುತ್ತದೆ. “ಆ ಗೆರೆ ಸಾಲು,” ಎಂದಳು ಹತ್ತಿರ ಸರಿದು, “ನಾನೂ ಬೇರೆ ಕಡೆ ಹಾಡ್ಕೋಬಹುದಾ ತಂಗೀ?”

“ಬೇಡ. ನಿಮ್ ಬಾಯಿ ನೆಟ್ಟಗಿದೆ, ನಿಮಗೆ ಕುದುರೆ ಇದೆ.”

ಅಷ್ಟರಲ್ಲಿ ಹೊರಗೆ ಇನ್ನೊಂದು ಕಾರು ನಿಂತ ಸದ್ದಾಯಿತು. ದೂರದ ನೆಂಟರು, ತಡವಾಗಿ ಬಂದವರು, ಗೋಳಿಡುತ್ತ ಓಡಿಬಂದರು. ಕಲೀಮಾನ್ ಅಭ್ಯಾಸಬಲದಿಂದ ಅನಾರ್‌ಕುಲ್ ಕಡೆ ನೋಡಿದಳು. ಅನಾರ್‌ಕುಲ್ ಊಲ್ಕಾನಳ ಕಡೆ ನೋಡಿದಳು.

“ಯಾಕೆ ನೋಡ್ತೀರಿ,” ಎಂದಳು ಊಲ್ಕಾನ್. “ಸ್ವಲ್ಪ ಆಚೆ ಸರೀರಿ. ಇನ್ನೂ ಬಹಳ ಇದೆ.”